ಫಿರ್ಯಾದಿ ಯಾರ ಬಾಗಿಲಿಗೆ ಹೋಗುತ್ತದೆ?

ಹೈದರಾಬಾದ್ ಸಂಸ್ಥಾನದ ನಿಜಾಮ ಒಬ್ಬನೇ. ಕಾನೂನು ಒಂದೇ, ಜಾಗೀರು ಪದ್ಧತಿಯೂ ಒಂದೇ. ಹಾಗಿದ್ದೂ 1946ರಿಂದ 1951ರವರೆಗೆ ನಲ್ಗೊಂಡ, ವರಂಗಲ್ ಕಡೆಯ ರೈತರು ಬಂದೂಕು ಹಿಡಿದು ಹೋರಾಡಿದರು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ನಮ್ಮ ಹಿರಿಯರು ಬಾವುಟ ಹಿಡಿದು ಜೈಲಿಗೆ ಹೋದರು, ಗಡಿ ದಾಟಿ ಸೊಲ್ಲಾಪುರ ಸೇರಿದರು. ಕೆಲವರು ಗಡಿಯಾಚೆಯ ಶಿಬಿರಗಳಲ್ಲಿದ್ದು ನಿಜಾಮನ ಪರದ ಖಾಸಗಿ ಪಡೆ ರಜಾಕಾರರ ಮೇಲೆ ದಾಳಿಯನ್ನೂ ಮಾಡಿದರು. ಆದರೆ 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಬಂದು ನಿಜಾಮನ ಆಳ್ವಿಕೆ ಮುಗಿದ ಮೇಲೆ ಇಲ್ಲಿ ಬಂದೂಕು ಕೆಳಗಿಳಿಯಿತು. ತೆಲಂಗಾಣದಲ್ಲಿ ಇಳಿಯಲಿಲ್ಲ. ಅಲ್ಲಿ ಇನ್ನೂ ಮೂರು ವರ್ಷ ಅದು ಹೊಸ ಸರ್ಕಾರದ ಕಡೆಗೇ ತಿರುಗಿ ನಿಂತಿತ್ತು.

ಯಾಕೆ ಹೀಗಾಯಿತು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಬಿಟ್ಟಿಲ್ಲ. ಇದು ಬರೀ ಹಳೆಯ ಇತಿಹಾಸದ ಕುತೂಹಲವಲ್ಲ. ನಮ್ಮಿಂದ ದೂರವೇನೂ ಅಲ್ಲದ, ಮಾವೋವಾದಿಗಳ ನೆಲೆಯಾದ ಛತ್ತೀಸಗಡದ ಬಸ್ತರಿನ ಕಾಡುಗಳಲ್ಲಿ ಇವತ್ತಿಗೂ ಇದೇ ಪ್ರಶ್ನೆ ಹೆಣಗಳ ಲೆಕ್ಕದಲ್ಲಿ ಬಂದು ನಿಲ್ಲುತ್ತದೆ.

ದಂಗೆ ಹತ್ತಿಕ್ಕುವ ಬಗ್ಗೆ ಬರೆದವರೆಲ್ಲ ಒಂದು ಮಾತು ಹೇಳುತ್ತಾರೆ: ಜನರ ಮಾನ್ಯತೆ ಕಳೆದುಕೊಂಡ ಸರ್ಕಾರ ಎಷ್ಟು ಪಡೆ ಇಳಿಸಿದರೂ ಗೆಲ್ಲುವುದಿಲ್ಲ. ಮಾತು ಸರಿ. ಆದರೆ ಆ ಮಾನ್ಯತೆ ಎಲ್ಲಿ ಕಾಣುತ್ತದೆ? ಚುನಾವಣೆಯಲ್ಲೇ? ಜೈಕಾರದಲ್ಲೇ? ನಿಜಾಮನ ಕಾಲವನ್ನು ಕಂಡಿದ್ದ ಆಳಂದ ಕಡೆಯ ನಮ್ಮ ಮುತ್ಯಾ ಆಡುತ್ತಿದ್ದ ಮಾತೊಂದು ನನಗೆ ಇದಕ್ಕೆ ದಾರಿ ತೋರಿಸಿತು. “ಅಮೀನಸಾಬನ ಹಂತ್ಯಾಕ ಯಾರರೆ ಹೋಗ್ತಿದ್ರೇನಪಾ? ಮನ್ಯಾಗ ಕಳವಾದ್ರೂ ಬಾಯಿ ಮುಚಗೊಂಡು ಕುಂಡ್ರತಿದ್ರು. ಹೇಳ್ಲಾಕ ಹೋದ್ರ, ಕಳ್ಳ ಬಿಟ್ಟಿದ್ದು ಅಂವ ಒಯ್ತಿದ್ದ.” ಅಮೀನ ಅಂದರೆ ಆಗಿನ ಠಾಣೆಯ ಅಧಿಕಾರಿ.

ಒಬ್ಬ ಬಡವ ತನಗೆ ಅನ್ಯಾಯವಾದಾಗ ಯಾರ ಬಾಗಿಲು ತಟ್ಟುತ್ತಾನೆ, ಅಲ್ಲಿ ತನ್ನ ವಿರುದ್ಧವೇ ತೀರ್ಪಾದರೂ ಒಪ್ಪಿಕೊಂಡು ಮನೆಗೆ ಬರುತ್ತಾನೆಯೇ ಎಂಬುದರಲ್ಲೇ ರಾಜ್ಯದ ಮಾನ್ಯತೆ ಇದೆ ಎಂದು ನಾನು ನಂಬಿದ್ದೇನೆ. ದಂಗೆಕೋರ ಮತ್ತು ಸರ್ಕಾರ ಮೊದಲು ಸೆಣಸುವುದು ಈ ಬಾಗಿಲಿಗಾಗಿ. ಗುಂಡು ಹಾರುವುದು ಆಮೇಲೆ.

ನಿಜಾಮ್‌ಶಾಹಿ ಈ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಯಿತು. ಸಂಸ್ಥಾನದ ಸುಮಾರು ಶೇ. 40ರಷ್ಟು ನೆಲ ನೇರವಾಗಿ ಸರ್ಕಾರದ ಕೈಯಲ್ಲೇ ಇರಲಿಲ್ಲ. ಒಂದಿಷ್ಟು ನಿಜಾಮನ ಸ್ವಂತದ ಸರ್ಫ್-ಎ-ಖಾಸ್, ಉಳಿದದ್ದು ಸರದಾರರಿಗೆ ಬಿಟ್ಟುಕೊಟ್ಟ ಪಾಯಗಾ ಮತ್ತು ಜಾಗೀರು. ದೊಡ್ಡ ಜಾಗೀರುಗಳಿಗೆ ತಮ್ಮದೇ ಪೊಲೀಸು, ತಮ್ಮದೇ ಕಚೇರಿ. ಜಾಗೀರದಾರನ ಮೇಲಿನ ದೂರನ್ನು ಜಾಗೀರದಾರನ ಆಳಿಗೇ ಕೊಡಬೇಕು. ಕಚೇರಿಯ ಭಾಷೆ ಉರ್ದು, ರೈತನ ಭಾಷೆ ಕನ್ನಡ, ಮರಾಠಿ, ತೆಲುಗು. ಸಭೆ ಸೇರಿ ಮಾತಾಡೋಣವೆಂದರೆ ಗಸ್ತಿ ನಿಶಾನ್ 53 ಅಡ್ಡ ಬರುತ್ತಿತ್ತು. ಮೊದಲೇ ಅಪ್ಪಣೆ ಪಡೆಯದೆ ಸಾರ್ವಜನಿಕ ಸಭೆ ನಡೆಸಬಾರದೆಂಬ ಸುತ್ತೋಲೆ ಅದು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಇನ್ನೂ ಸರಿಯಾಗಿ ಕಣ್ಣು ಬಿಡುವ ಮುಂಚೆಯೇ ಅದರ ಮೇಲೆ ನಿಷೇಧ ಬಿತ್ತು, ತೆರವಾದದ್ದು 1946ರಲ್ಲಿ. ಅದೇ 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಸತಿಗೃಹದಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಹೊರಬಿದ್ದರು. ಅವರಲ್ಲಿ ಎಷ್ಟೋ ಜನ ಓದು ಮುಂದುವರಿಸಲು ನಾಗಪುರಕ್ಕೆ ಹೋಗಬೇಕಾಯಿತು, ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹ ರಾವ್ ಅವರೂ ಸೇರಿ.

ಸರ್ಕಾರದ ಬಾಗಿಲು ಮುಚ್ಚಿದಾಗ ಜನ ಬೇರೆ ಬಾಗಿಲು ಕಟ್ಟಿಕೊಳ್ಳುತ್ತಾರೆ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಹುಟ್ಟಿತ್ತು. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಆ ಶಾಲೆಯ ಹೆಸರು ಹೇಳುವಾಗ ಇವತ್ತಿಗೂ ದನಿಯಲ್ಲಿ ಒಂದು ಅಭಿಮಾನ ಇರುತ್ತದೆ. ಬೀದರ್ ಕಡೆ ಆರ್ಯ ಸಮಾಜದ ಸಭೆಗಳು, ಊರೂರಿನ ಭಜನಾ ಮಂಡಳಿಗಳು, ವಾಚನಾಲಯಗಳು ಬೆಳೆದವು. ಇವು ಯಾವುವೂ ದಂಗೆಯಲ್ಲ. ಆದರೆ ರಾಜ್ಯದ ಹೊರಗೆ ಜನರು ತಮ್ಮ ನಂಬಿಕೆಯನ್ನು ಇಟ್ಟುಕೊಂಡ ಜಾಗಗಳು.

ಕೊನೆಗೆ ಆ ಸರ್ಕಾರ ಮಾಡಿದ ಕೆಲಸ ಅದರ ಹಣೆಬರಹವನ್ನೇ ಮುಗಿಸಿತು. ಬಲಪ್ರಯೋಗವನ್ನು ಖಾಸಗಿ ಕೈಗೆ ಒಪ್ಪಿಸಿತು. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು ಯಾವ ಕಾನೂನಿನ ಕೆಳಗೂ ಇರಲಿಲ್ಲ, ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದದ್ದನ್ನು ಆ ಸೀಮೆಯವರು ಮೂರು ತಲೆಮಾರಾದರೂ ಮರೆತಿಲ್ಲ. ಇನ್ನೂರರಷ್ಟು ಜನ ಸತ್ತರೆಂದು ಊರವರು ಹೇಳುತ್ತಾರೆ. ಭಾರತದೊಡನೆ ಸೇರೋಣ ಎಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು. ಇದನ್ನು ಹಿಂದೂ–ಮುಸ್ಲಿಮರ ಕಥೆಯಾಗಿ ಮಾತ್ರ ಹೇಳುವವರು ಶೋಯೆಬುಲ್ಲಾ ಅವರ ಹೆಸರನ್ನು ಯಾಕೆ ಬಿಟ್ಟುಬಿಡುತ್ತಾರೋ ನನಗೆ ಅರ್ಥವಾಗುವುದಿಲ್ಲ. ಅವರ ಸಾವನ್ನು ಬಿಟ್ಟರೆ ಆ ಸರ್ಕಾರ ತನ್ನ ಸ್ವಂತ ಮತದವರ ವಿಶ್ವಾಸವನ್ನೂ ಹೇಗೆ ಕಳೆದುಕೊಂಡಿತೆಂಬುದೇ ಮರೆಯಾಗುತ್ತದೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. ‘ಪೊಲೀಸ್ ಆ್ಯಕ್ಷನ್’ ಎನ್ನುವುದು ಇದನ್ನೇ. 17ರ ಸಂಜೆಗೆ ನಿಜಾಮನ ಕಡೆಯಿಂದ ಕದನವಿರಾಮ. ಮರುದಿನ ನಿಜಾಮನ ಸೇನಾಪತಿ ಜನರಲ್ ಎಲ್ ಇದ್ರೂಸ್ ಅವರು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರಿಗೆ ಶರಣಾದರು. ಐದು ದಿನದಲ್ಲಿ ಮುಗಿಯಲು ಮುಖ್ಯ ಕಾರಣ ಸೇನಾಬಲದ ಅಂತರ, ಅದನ್ನು ಮರೆಮಾಚಬೇಕಿಲ್ಲ. ಆದರೆ ಸೋತ ಮೇಲೆ ಆ ಸಿಂಹಾಸನಕ್ಕಾಗಿ ಕಾಡಿಗೆ ಹೋಗಿ ಹೋರಾಟ ಮುಂದುವರಿಸಿದವರು ಯಾರೂ ಕಾಣಲಿಲ್ಲವಲ್ಲ, ಅದಕ್ಕೆ ಟ್ಯಾಂಕುಗಳು ಕಾರಣವಲ್ಲ.

ಈಗ ಅದೇ ಸಂಸ್ಥಾನದ ಪೂರ್ವಕ್ಕೆ ಹೋಗೋಣ. ಜನಗಾಂವ್ ತಾಲ್ಲೂಕಿನ ಕಡವೆಂಡಿಯಲ್ಲಿ 1946ರ ಜುಲೈ 4ರಂದು ವಿಸ್ನೂರಿನ ದೊಡ್ಡ ಜಮೀನುದಾರ ದೇಶಮುಖನ ಆಳುಗಳು ಹಾರಿಸಿದ ಗುಂಡಿಗೆ ದೊಡ್ಡಿ ಕೊಮರಯ್ಯ ಸತ್ತರು. ಅಲ್ಲಿಂದ ಹೊತ್ತಿಕೊಂಡಿತು. ಕಮ್ಯುನಿಸ್ಟರ ಮುಂದಾಳತ್ವದ ಆಂಧ್ರ ಮಹಾಸಭೆಯ ‘ಸಂಘಂ’ ಹಳ್ಳಿಹಳ್ಳಿಯಲ್ಲಿ ಏನು ಮಾಡಿತೆಂದು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಬಂದೂಕಲ್ಲ, ಪಂಚಾಯ್ತಿ. ಬಿಟ್ಟಿ ಚಾಕರಿ ನಿಲ್ಲಿಸಿದರು. ಕೂಲಿ ಏರಿಸಿದರು. ಗಂಡ ಹೆಂಡಿರ ಜಗಳ, ಬದುವಿನ ಜಗಳ, ಸಾಲದ ಜಗಳ ಎಲ್ಲವನ್ನೂ ಸಂಘದ ಮುಂದೆ ತಂದು ಬಗೆಹರಿಸಿಕೊಂಡರು. ಸುಮಾರು 3,000 ಹಳ್ಳಿಗಳಲ್ಲಿ ಇಂಥ ಆಡಳಿತ ನಡೆಯಿತೆಂದೂ 10 ಲಕ್ಷ ಎಕರೆ ಹಂಚಿತೆಂದೂ ಕಮ್ಯುನಿಸ್ಟ್ ಪಕ್ಷದವರ ಲೆಕ್ಕ. ಆ ಲೆಕ್ಕವನ್ನು ಸ್ವಲ್ಪ ಕಡಿಮೆ ಮಾಡಿಯೇ ಹಿಡಿದರೂ ಫಿರ್ಯಾದಿ ಯಾವ ಬಾಗಿಲಿಗೆ ಹೋಯಿತೆಂಬುದು ಸ್ಪಷ್ಟ.

1948ರ ಸೆಪ್ಟೆಂಬರ್ ಆದ ಮೇಲೆ ಪಕ್ಷದೊಳಗೇ ದೊಡ್ಡ ಜಗಳ ಎದ್ದಿತು. ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಆ ಜಗಳ. ಹೋರಾಟದ ಮುಂಚೂಣಿಯಲ್ಲಿದ್ದ ರಾವಿ ನಾರಾಯಣ ರೆಡ್ಡಿ ಅವರು ಶಸ್ತ್ರ ಕೆಳಗಿಡೋಣ ಎಂದರು. ನಿಜಾಮ ಹೋದ, ರಜಾಕಾರರು ಹೋದರು, ಈಗ ಬಂದಿರುವ ಸರ್ಕಾರವನ್ನು ಜನ ತಮ್ಮದೆಂದು ನೋಡುತ್ತಿದ್ದಾರೆ, ಇದರ ವಿರುದ್ಧ ಗುಂಡು ಹಾರಿಸಿದರೆ ಮೊನ್ನೆವರೆಗೆ ಅನ್ನ ಹಾಕಿದ ರೈತನೇ ಬಾಗಿಲು ಹಾಕಿಕೊಳ್ಳುತ್ತಾನೆ ಎಂಬುದು ಆ ವಾದದ ತಿರುಳು. ಉಳಿದವರು ಒಪ್ಪಲಿಲ್ಲ. ಹೋರಾಟ ಮುಂದುವರಿಯಿತು. ಸ್ವಲ್ಪ ಹೊಲ ಇದ್ದ ರೈತರು ಮೆಲ್ಲಗೆ ಹಿಂದೆ ಸರಿದರು, ಗೆರಿಲ್ಲಾಗಳು ಬಯಲು ಬಿಟ್ಟು ಗೋದಾವರಿ, ಕೃಷ್ಣಾ ತೀರದ ಕಾಡಿಗೆ ಹೋದರು. ಮಾನ್ಯತೆ ಸರ್ಕಾರಕ್ಕಷ್ಟೇ ಬೇಕಾದದ್ದಲ್ಲ, ದಂಗೆಕೋರನಿಗೂ ಅದೇ ಉಸಿರು. ಅದು ಆಡುತ್ತಿದೆಯೋ ಇಲ್ಲವೋ ಎಂದು ಅವನಿಗೆ ಸರ್ಕಾರಕ್ಕಿಂತ ಮೊದಲೇ ಗೊತ್ತಾಗುತ್ತದೆ, ಯಾಕೆಂದರೆ ಅವನು ರಾತ್ರಿ ಊಟಕ್ಕೆ ಯಾರದೋ ಮನೆಗೆ ಹೋಗಲೇಬೇಕು.

ಹೊಸ ಸರ್ಕಾರ ಏನು ಮಾಡಿತು? ಎರಡು ಕೆಲಸ ಒಟ್ಟಿಗೆ ಮಾಡಿತು, ಒಂದು ಇನ್ನೊಂದನ್ನು ಕೆಡಿಸುತ್ತಿತ್ತು. 1949ರ ಆಗಸ್ಟ್‌ನಲ್ಲಿ ಜಾಗೀರು ರದ್ದಾಯಿತು. 1950ರಲ್ಲಿ ಗೇಣಿ ಕಾನೂನು ಬಂತು, ಸಂರಕ್ಷಿತ ಗೇಣಿದಾರ ಎಂಬ ಹಕ್ಕು ಹುಟ್ಟಿತು. ಇದು ಫಿರ್ಯಾದಿಗೆ ಬಾಗಿಲು ತೆರೆದ ಕೆಲಸ. ಅದೇ ಹೊತ್ತಿಗೆ ಸಾವಿರಾರು ಜನರನ್ನು ವಿಚಾರಣೆ ಇಲ್ಲದೆ ಕೂಡಿಹಾಕಿದರು, ಕಾಡಿನ ಕೋಯ ಜನರನ್ನು ಹಾಡಿ ಬಿಡಿಸಿ ಶಿಬಿರಗಳಲ್ಲಿ ತುಂಬಿದರು, ಎಷ್ಟೋ ಊರುಗಳಲ್ಲಿ ಓಡಿಹೋಗಿದ್ದ ದೇಶಮುಖ ಸೇನೆಯ ಬೆನ್ನ ಹಿಂದೆಯೇ ಕೋಟೆಯಂಥ ತನ್ನ ಮನೆಗೆ ಮರಳಿ ಬಂದ. ಹೊಲ ಕಳೆದುಕೊಂಡ ಕೂಲಿಯವನ ಕಣ್ಣಿಗೆ ಹೊಸ ಸರ್ಕಾರ ಮತ್ತು ಹಳೆಯ ಧಣಿ ಒಂದೇ ಜೀಪಿನಲ್ಲಿ ಇಳಿದ ಹಾಗೆ ಕಂಡಿದ್ದರೆ ಅದು ಅವನ ತಪ್ಪಲ್ಲ.

1951ರ ಏಪ್ರಿಲ್ 18ರಂದು ವಿನೋಬಾ ಭಾವೆ ಪೋಚಂಪಳ್ಳಿಗೆ ಬಂದದ್ದು ಈ ನಡುವೆ. ಭೂಮಿ ಇಲ್ಲದವರು ಕೇಳಿದರು, ವೆದಿರೆ ರಾಮಚಂದ್ರ ರೆಡ್ಡಿ 100 ಎಕರೆ ಕೊಟ್ಟರು, ಭೂದಾನ ಶುರುವಾಯಿತು. ಭೂದಾನದಿಂದ ತೆಲಂಗಾಣದ ಭೂಮಿಯ ಪ್ರಶ್ನೆ ಬಗೆಹರಿಯಲಿಲ್ಲ. ಆದರೆ ದಂಗೆಯ ನಡುಮನೆಗೇ ಒಬ್ಬ ಮನುಷ್ಯ ಕಾವಲಿಲ್ಲದೆ ನಡೆದು ಹೋಗಿ “ನಿಮಗೇನು ಬೇಕು” ಎಂದು ಕೇಳಿದ್ದು ಸಣ್ಣ ಮಾತಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಪಕ್ಷ ಹೋರಾಟ ನಿಲ್ಲಿಸಿತು.

ನಿಜವಾದ ಗೆಲುವು ಬಂದದ್ದು 1952ರಲ್ಲಿ. ಕಮ್ಯುನಿಸ್ಟರು ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ಚುನಾವಣೆಗೆ ನಿಂತರು. ನಲ್ಗೊಂಡದಿಂದ ಲೋಕಸಭೆಗೆ ನಿಂತ ರಾವಿ ನಾರಾಯಣ ರೆಡ್ಡಿ ಅವರಿಗೆ ಜವಾಹರಲಾಲ್ ನೆಹರೂ ಅವರಿಗಿಂತ ಹೆಚ್ಚು ಮತ ಬಿದ್ದವು. ಮೊನ್ನೆ ಮೊನ್ನೆ ಸರ್ಕಾರ ಯಾರನ್ನು ಶತ್ರು ಎಂದಿತ್ತೋ ಅವರನ್ನೇ ಜನ ಇಷ್ಟು ದೊಡ್ಡದಾಗಿ ಆರಿಸಿದರು, ಆ ಸರ್ಕಾರ ಫಲಿತಾಂಶವನ್ನು ಒಪ್ಪಿಕೊಂಡಿತು, ಅವರು ದಿಲ್ಲಿಗೆ ಹೋಗಿ ಕೂತರು. ಗಣರಾಜ್ಯ ತನ್ನ ಮಾನ್ಯತೆಯನ್ನು ಅವತ್ತು ಸಂಪಾದಿಸಿತು ಎಂದು ನನಗೆ ಅನಿಸುತ್ತದೆ, ಸೆಪ್ಟೆಂಬರ್ 17ರಂದಲ್ಲ.

ಅದೇ 1948ರಲ್ಲೇ ಮಲಯಾದಲ್ಲಿ ಬ್ರಿಟಿಷರ ವಿರುದ್ಧ ಕಮ್ಯುನಿಸ್ಟ್ ದಂಗೆ ಶುರುವಾಗಿ 1960ರವರೆಗೆ ನಡೆಯಿತು. ಜನರ ಮನಸ್ಸು ಗೆದ್ದ ಮಾದರಿ ಎಂದು ಸೇನಾ ಶಾಲೆಗಳು ಈಗಲೂ ಅದನ್ನು ಪಾಠ ಹೇಳುತ್ತವೆ. ಸುಮಾರು ಐದು ಲಕ್ಷ ಜನರನ್ನು ತಂತಿಬೇಲಿಯ ಹೊಸ ಊರುಗಳಿಗೆ ಸಾಗಿಸಿದ್ದು, 1948ರ ಡಿಸೆಂಬರ್‌ನಲ್ಲಿ ಬಾತಾಂಗ್ ಕಾಲಿಯಲ್ಲಿ ನಿಶ್ಶಸ್ತ್ರರಾದ 24 ಜನರನ್ನು ಕೊಂದದ್ದು ಆ ಪಾಠದಲ್ಲಿ ತೆಳುವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ನೆಲೆಸಿದ್ದ ಚೀನೀಯರಿಗೆ ಪೌರತ್ವದ ದಾರಿ ತೆರೆದದ್ದು, 1957ರಲ್ಲಿ ಸ್ವಾತಂತ್ರ್ಯವನ್ನೇ ಕೊಟ್ಟದ್ದು ದಂಗೆಯ ಬೇರು ಕತ್ತರಿಸಿತು ಎಂಬುದನ್ನು ಮರೆಯುತ್ತಾರೆ. ವಿಯೆಟ್ನಾಮಿನಲ್ಲಿ ಅದೇ ಬೇಲಿಯ ಊರುಗಳನ್ನು 1962ರಲ್ಲಿ ಕಟ್ಟಿದರು, ಬೇಲಿ ಇತ್ತು, ಜನ ತಮ್ಮದೆನ್ನುವ ಸರ್ಕಾರ ಇರಲಿಲ್ಲ. ಫಲ ಎಲ್ಲರಿಗೂ ಗೊತ್ತು.

ಈಗ ಮೊದಲ ಪ್ರಶ್ನೆ. ನಮ್ಮ ಕಡೆ ಯಾಕೆ ಆಗಲಿಲ್ಲ? ವಿಸ್ನೂರಿನವನಂತೆ ಹತ್ತಾರು ಸಾವಿರ ಎಕರೆ ಹಿಡಿದ ದೇಶಮುಖರ ದಟ್ಟಣೆ ಇಲ್ಲಿ ಕಡಿಮೆ. ಆಂಧ್ರ ಕರಾವಳಿಯ ಕಮ್ಯುನಿಸ್ಟ್ ಸಂಘಟನೆಯ ಕೈ ತೆಲುಗು ಸೀಮೆಗೆ ಚಾಚಿದಷ್ಟು ಇತ್ತ ಚಾಚಲಿಲ್ಲ. ಇವು ಸರಿಯಾದ ಕಾರಣಗಳೇ. ನನ್ನ ಮನಸ್ಸು ಹೆಚ್ಚು ಒಪ್ಪುವುದು ಇನ್ನೊಂದನ್ನು. ಇಲ್ಲಿಯವರಿಗೆ ಫಿರ್ಯಾದಿ ಒಯ್ಯಲು ಬೇರೆ ಬಾಗಿಲುಗಳು ಕಂಡವು. ಸ್ಟೇಟ್ ಕಾಂಗ್ರೆಸ್‌ನ ಸ್ವಾಮಿ ರಮಾನಂದ ತೀರ್ಥರ ನಾಯಕತ್ವ ಇತ್ತು. ರಾಯಚೂರು ಕಡೆಯವರಿಗೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಯವರ ಶಿಬಿರ ಇತ್ತು. 1948ರ ನಂತರ ಕನ್ನಡಿಗರ ಕೊರಗು ಏಕೀಕರಣದ ಬೇಡಿಕೆಯಾಗಿ ರೂಪ ಪಡೆಯಿತು, ಅದನ್ನು ಕೇಳಲು ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು. ದೇಶದ ಎಲ್ಲ ಕಡೆಯಿಂದ ಆ ಆಯೋಗಕ್ಕೆ ಹೋದ ಮನವಿಗಳು 1.5 ಲಕ್ಷಕ್ಕೂ ಹೆಚ್ಚು. 1956ರ ನವೆಂಬರ್ 1ರಂದು ಉತ್ತರ ಸಿಕ್ಕಿತು. ಆಮೇಲೂ ನಮ್ಮ ಭಾಗ ಹಿಂದೆಯೇ ಉಳಿಯಿತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೈಕೋರ್ಟಿಗೆ ಬೆಂಗಳೂರಿನವರೆಗೆ ಹೋಗಬೇಕಾದ ಸಂಕಟಕ್ಕೆ ವಕೀಲರೂ ಜನರೂ ಬೀದಿಗಿಳಿದರು, 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿಗೂ ವರ್ಷಗಟ್ಟಲೆ ಹೋರಾಡಿ ಸಂವಿಧಾನಕ್ಕೆ 98ನೇ ತಿದ್ದುಪಡಿ ತರಿಸಿದರು. ತಡವಾಗಿ, ಅರ್ಧಂಬರ್ಧವಾಗಿ, ಆದರೆ ಬಾಗಿಲು ತೆರೆಯಿತು. ತೆಲಂಗಾಣದಲ್ಲಿ ಗೇಣಿ ಕಾನೂನು ಕಾಗದದ ಮೇಲೇ ಉಳಿದ ಎಷ್ಟೋ ಕಡೆ, 1970ರ ದಶಕದ ಕೊನೆಯಲ್ಲಿ ಕರೀಂನಗರದ ಜಗಿತ್ಯಾಲದಿಂದ ಮತ್ತೆ ಹೊಗೆ ಎದ್ದಿತು. 1980ರಲ್ಲಿ ಪೀಪಲ್ಸ್ ವಾರ್ ಎಂಬ ನಕ್ಸಲ ಸಂಘಟನೆ ಹುಟ್ಟಿತು. ಒಂದೇ ನೆಲದಲ್ಲಿ ಎರಡನೆಯ ಸಲ.

ಇಲ್ಲಿ ಸುರಪುರವನ್ನು ನೆನೆಯದೆ ಹೋಗಲಾರೆ. ಅಲ್ಲಿ ಎಳೆಯ ರಾಜನ ಪರವಾಗಿ 1853ರವರೆಗೆ ಆಡಳಿತ ನೋಡಿದ ಬ್ರಿಟಿಷ್ ಸಾಹೇಬ ಮೆಡೋಸ್ ಟೇಲರ್ ಒಳ್ಳೆಯ ಅಧಿಕಾರಿ. ಜನ ಅವನನ್ನು ಪ್ರೀತಿಸಿದರು, ಗುಡ್ಡದ ಮೇಲೆ ಅವನ ಮನೆ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಅವನು ಹೋಗಿ ಐದು ವರ್ಷವಾಗುವುದರಲ್ಲಿ, 1858ರ ಫೆಬ್ರವರಿಯಲ್ಲಿ, ಅವನೇ ಮಗನಂತೆ ಬೆಳೆಸಿದ್ದ ರಾಜಾ ವೆಂಕಟಪ್ಪ ನಾಯಕ ಬೇಡರ ಪಡೆಯೊಡನೆ ಬ್ರಿಟಿಷರ ಮೇಲೆ ಎದ್ದ. ಒಬ್ಬ ಸಾಹೇಬನ ಒಳ್ಳೆಯತನ ಅವನು ಪ್ರತಿನಿಧಿಸುವ ರಾಜ್ಯದ ಖಾತೆಗೆ ತಾನಾಗಿ ಜಮೆಯಾಗುವುದಿಲ್ಲ. ಒಳ್ಳೆಯ ಎಸ್‌ಪಿ, ಒಳ್ಳೆಯ ಡಿಸಿ ಬಂದರೆ ಎಲ್ಲ ಸರಿಹೋಗುತ್ತದೆಂದು ಕಾಯುವ ನಮ್ಮ ಅಭ್ಯಾಸಕ್ಕೂ ಇದು ಅನ್ವಯಿಸುತ್ತದೆ.

ಛತ್ತೀಸಗಡ ಸರ್ಕಾರ 2005ರಲ್ಲಿ ಮಾವೋವಾದಿಗಳ ವಿರುದ್ಧ ಎದ್ದ ಸಲ್ವಾ ಜುಡುಂ ಎಂಬ ಸಶಸ್ತ್ರ ಗುಂಪಿಗೆ ಬೆಂಬಲ ಕೊಟ್ಟಾಗ ನಿಜಾಮನ ಸರ್ಕಾರ ಮಾಡಿದ್ದನ್ನೇ ಬೇರೆ ರೂಪದಲ್ಲಿ ಮಾಡಿತು. ಉದ್ದೇಶ ಬೇರೆ, ಕಾಲ ಬೇರೆ, ರಜಾಕಾರರಿಗೂ ಅವರಿಗೂ ಸಮ ಕಟ್ಟುತ್ತಿಲ್ಲ. ಆದರೆ ರಾಜ್ಯದ ಬಲವನ್ನು ಲೆಕ್ಕ ಒಪ್ಪಿಸದ ಕೈಗಳಿಗೆ ಕೊಡುವ ತಪ್ಪು ಅದೇ. ಓದು ಬರಹ ಸರಿಯಾಗಿ ಬಾರದ ಆದಿವಾಸಿ ಹುಡುಗರನ್ನು ತಿಂಗಳಿಗೆ 3,000 ರೂಪಾಯಿ ಗೌರವಧನಕ್ಕೆ ವಿಶೇಷ ಪೊಲೀಸ್ ಅಧಿಕಾರಿಗಳನ್ನಾಗಿ ಮಾಡಿ ಕೈಗೆ ಬಂದೂಕು ಕೊಟ್ಟರು. ಊರು ಸುಟ್ಟವು, ಜನ ರಸ್ತೆ ಬದಿಯ ಶಿಬಿರಗಳಿಗೆ ಬಂದರು, ಬಾರದವರು ಮಾವೋವಾದಿಗಳ ಕಡೆ ಹೋದರು. 2011ರ ಜುಲೈ 5ರಂದು ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ದೂರು ಕೇಳುವ ಒಂದು ಬಾಗಿಲಾದರೂ ದೇಶದಲ್ಲಿ ಇದೆಯೆಂದು ಆ ತೀರ್ಪು ತೋರಿಸಿತು. ನಮ್ಮ ಮಲೆನಾಡಿನಲ್ಲಿ 2024ರ ನವೆಂಬರ್‌ನಲ್ಲಿ ನಕ್ಸಲ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದರು. ಅದಾದ ಎರಡು ತಿಂಗಳೊಳಗೆ, 2025ರ ಜನವರಿ 8ರಂದು, ಆರು ಜನ ನಕ್ಸಲರು ಮುಖ್ಯಮಂತ್ರಿಯ ಎದುರು ಶಸ್ತ್ರ ಬಿಟ್ಟು ಬಂದರು. ನಡುವೆ ನಿಂತು ಮಾತಾಡಿಸಿದವರು ನಾಗರಿಕರು. ಅವರು ಮುಖ್ಯವಾಹಿನಿಗೆ ಬಂದರು ಎಂದು ಸಂತೋಷಪಟ್ಟವರು, ಅವರು ಎತ್ತಿದ್ದ ಕಾಡಿನ ಜನರ ಭೂಮಿಯ ಪ್ರಶ್ನೆಯ ಕಡತ ಎಲ್ಲಿಯವರೆಗೆ ಬಂದಿದೆ ಎಂದೂ ಕೇಳಬೇಕು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಜಿಲ್ಲೆಗಳಲ್ಲೇ ಉತ್ತರವಿಲ್ಲದೆ ಉಳಿದ ಫಿರ್ಯಾದಿಯ ಮಾತು ಎತ್ತದಿದ್ದರೆ ನಾನು ಹೇಳಿದ್ದೆಲ್ಲ ಪೊಳ್ಳಾಗುತ್ತದೆ. ಪೊಲೀಸ್ ಆ್ಯಕ್ಷನ್ ಮುಗಿದ ವಾರಗಳಲ್ಲಿ ಸೇಡು ಊರೂರು ಸುತ್ತಿತು. ನೆಹರೂ ಕಳಿಸಿದ್ದ ಸುಂದರಲಾಲ್ ನಿಯೋಗ ಆ ವರ್ಷದ ಕೊನೆಯಲ್ಲಿ ಸಂಸ್ಥಾನ ಸುತ್ತಿ, ಕಡಿಮೆ ಹಿಡಿದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಬರೆಯಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು, ರಜಾಕಾರರ ಹೆಸರೂ ಹಚ್ಚಿಕೊಳ್ಳದ ಬಡವರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಗುಲಬರ್ಗಾ, ಬೀದರ್. ಕೆಲವು ಕಡೆ ಸೈನಿಕರೇ ಲೂಟಿಗೆ ಕುಮ್ಮಕ್ಕು ಕೊಟ್ಟರೆಂದೂ, ಬೇರೆ ಕಡೆ ಸೈನಿಕರೇ ಜನರನ್ನು ಕಾಪಾಡಿದರೆಂದೂ, ಹಿಂದೂ ನೇಕಾರರು ಜೀವ ಒತ್ತೆಯಿಟ್ಟು ಮುಸ್ಲಿಂ ನೇಕಾರರನ್ನು ಉಳಿಸಿದರೆಂದೂ ಆ ವರದಿಯಲ್ಲಿದೆ. ಅದನ್ನು ಸರ್ಕಾರ ದಶಕಗಟ್ಟಲೆ ಹೊರಗೆ ಬಿಡಲಿಲ್ಲ. ವಿಚಾರಣೆ ಬೇಡುವವರಿಗೆ ಬಾಗಿಲೇ ಇರಲಿಲ್ಲ. ಈ ನೆಲದಲ್ಲಿ ಆ ಜನ ಬಂದೂಕು ಎತ್ತಲಿಲ್ಲ. ಮೌನವಾಗಿ ಉಳಿದರು, ಇಲ್ಲವೆ ಹೈದರಾಬಾದಿಗೆ, ಕರಾಚಿಗೆ ಹೋದರು. ದಂಗೆ ಏಳಲಿಲ್ಲವೆಂದ ಮಾತ್ರಕ್ಕೆ ಅವರ ದೂರು ತೀರಿತೆಂದು ಲೆಕ್ಕ ಹಾಕುವುದು ಅನ್ಯಾಯ.

ಗೋರಟಾದಲ್ಲಿ ಸ್ಮಾರಕ ಎದ್ದಿದೆ, ಏಳಲೇಬೇಕಿತ್ತು. ಸುಂದರಲಾಲ್ ವರದಿಯೂ ಕನ್ನಡದಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಜಿಲ್ಲಾ ಗ್ರಂಥಾಲಯಗಳಲ್ಲಿ ಓದಲು ಸಿಗಬೇಕು. ಸೆಪ್ಟೆಂಬರ್ 17ರ ಭಾಷಣದಲ್ಲಿ ಶೋಯೆಬುಲ್ಲಾ ಖಾನ್ ಅವರ ಹೆಸರು ಬರಬೇಕು, ಆ ನೇಕಾರರ ಪ್ರಸ್ತಾಪವೂ ಬರಬೇಕು. ತಮ್ಮ ಊರಲ್ಲಿ ಆಗ ಏನಾಯಿತೆಂದು ಹೇಳಬಲ್ಲ ಹಿರಿಯರು ಇನ್ನು ಕೆಲವೇ ಜನ ಉಳಿದಿದ್ದಾರೆ. ಎರಡೂ ಕಡೆಯವರ ಮಾತನ್ನು ಜಿಲ್ಲಾಡಳಿತವೇ ಕೂತು ಬರೆದುಕೊಳ್ಳಲಿ, ಈ ವರ್ಷವೇ.